ಕಿಸೆಯಲ್ಲಿದ್ದ ಫ್ಯೂಜ್

"ಬ್ಲೇಡಿನ ಹತ್ರ ನಿನ್ನ ಗಂಡನ ಕೈ ಇದ್ದಾಗ ಮಷಿನ್ ಚಾಲೂ ಆಗಂಗಿಲ್ಲ, ಇದು ನನ್ನ ಮಾತು" ಎಂದು ಸಾವಕಾರ ಕಾಶೀನಾಥ ಮರೆಮ್ಮನಿಗೆ ಹೇಳಿ ಹದಿನೆಂಟು ವರ್ಷವಾಗಿತ್ತು. ಆಗಷ್ಟೇ ಅವಳ ಗಂಡ ತಮ್ಮಣ್ಣನ ಎರಡು ಬೆರಳು ಹೋಗಿದ್ದವು. ಅಂದಿನಿಂದ ಶಹಾಬಾದಿನ ಆ ಪರಸಿ ಕಲ್ಲಿನ ಕಟಿಂಗ್ ಶೆಡ್ಡಿನಲ್ಲಿ ಒಂದೇ ಕಟ್ಟಳೆ: ಬ್ಲೇಡಿನ ಕೆಳಗಿನ ಕೆಸರು, ರಾಡಿ ತೆಗೆಯಲು ಬಗ್ಗುವವನು ಮೊದಲು ಫ್ಯೂಜ್ ಕಿತ್ತು ತನ್ನ ಕಿಸೆಯಲ್ಲಿಟ್ಟುಕೊಳ್ಳಬೇಕು.

ಈ ವರ್ಷ ಬ್ಲೂಟೂತ್ ಸ್ಟಾರ್ಟರ್ ಬಂತು. ಕುರ್ಚಿಯಿಂದ ಏಳದೆ ಫೋನಿನಲ್ಲೇ ಮಷಿನ್ ಚಾಲೂ ಮಾಡುತ್ತೇನೆಂದು ಕಾಶೀನಾಥ ವಾಡಿ ಊರಿನವರೆಗೂ ಹೇಳಿಕೊಂಡು ಬಂದ. ಫ್ಯೂಜ್ ಸ್ಟಾರ್ಟರಿನ ಡಬ್ಬಿಯೊಳಗೆ ಹೋಯಿತು, ಡಬ್ಬಿಗೆ ಕಂಪನಿಯ ಸೀಲು ಬಿತ್ತು. ಸೀಲು ಒಡೆದರೆ ಗ್ಯಾರಂಟಿ ಇಲ್ಲ.

"ಫ್ಯೂಜ್ ಯಾಕೋ ತಮ್ಮಣ್ಣ, ಫೋನ್ ನನ್ನ ಕಿಸೆದಾಗ ಐತಲ್ಲೋ!" ಎಂದ ಕಾಶೀನಾಥ.

ಸೋಮವಾರ ಮಧ್ಯಾಹ್ನ ಪರಸಿ ತೊಳೆಯುತ್ತಿದ್ದ ಮರೆಮ್ಮ, ಹಾಡು ಕೇಳೋಣವೆಂದು ಹೊಸ ಇಯರ್‌ಫೋನ್ ಜೋಡಿಸಲು ಹೋದಳು. ಫೋನಿನಲ್ಲಿ ಎರಡು ಹೆಸರು ಬಂದವು, ಎರಡೂ ಬರೀ ಅಂಕಿ. ಒಂದನ್ನು ಒತ್ತಿದಳು. ಪಿನ್ ಕೇಳಲಿಲ್ಲ, ಏನೂ ಕೇಳಲಿಲ್ಲ. ಕಿವಿಗೆ ಹಾಡು ಬರಲಿಲ್ಲ. ಬ್ಲೇಡು ಗರ್ರನೆ ತಿರುಗಿತು. ಅದರ ಮುಂದೆ ಬಗ್ಗಿದ್ದ ತಮ್ಮಣ್ಣ ತಂಬಾಕು ಉಗುಳಲು ಆಗಷ್ಟೇ ಎದ್ದಿದ್ದ.

ಮರುದಿನ ಸ್ಟಾರ್ಟರ್ ಕಂಪನಿಯ ಸಿದ್ದಲಿಂಗೇಶ ಇಸ್ತ್ರಿ ಅಂಗಿಯಲ್ಲಿ ಬಂದ.

"ಇದು ತಪ್ಪಲ್ರಿ ಸಾವಕಾರ್ರ, ಸವಲತ್ತು. ಮಾಲಕರ ಫೋನ್ ಜೋಡಿ ಆದ ಕೂಡ್ಲೆ ಮಷಿನ್ ತಾನೇ ಚಾಲೂ ಆಗ್ತದ."

"ಅಕಿ ಮಾಲಕಿ ಅಲ್ಲಲ್ಲೋ!"

"ಅದು ಮಷಿನಿಗಿ ಹೆಂಗ ಗೊತ್ತಾಗಬೇಕ್ರಿ? ಜೋಡಿ ಆದವ್ರೆಲ್ಲ ಅದಕ್ಕ ಮಾಲಕರೇ."

"ಇಷ್ಟು ವರ್ಷ ರಾಡಿ ತೊಳದೀನಿ, ಮಾಲಕಿ ಅಂತ ಯಾರೂ ಹೇಳೇ ಇರಲಿಲ್ಲ ನೋಡ್ರಿ" ಎಂದಳು ಮರೆಮ್ಮ.

ಪಿನ್ ಇಡಲು ಬರುವುದಿಲ್ಲವೇ? ಹೊಸ ಸಾಫ್ಟ್‌ವೇರ್ ಹಾಕಿದರೆ ಬರುತ್ತದೆ. ಆದರೆ ಈ ಡಬ್ಬಿಗೆ ಹೊಸ ಸಾಫ್ಟ್‌ವೇರ್ ಹಾಕಲು ಬರುವುದಿಲ್ಲ. ಅದರ ಬದಲು ಸಿದ್ದಲಿಂಗೇಶ ಗೋಡೆಗೊಂದು ಬೋರ್ಡು ಬಡಿದ: ಸುತ್ತ ಮೂವತ್ತು ಅಡಿ ಮೊಬೈಲ್ ಬಂದ್. ಶೆಡ್ಡಿನಿಂದ ಹತ್ತು ಅಡಿಗೆ ಸೇಡಂ ಬಸ್ಸು ನಿಲ್ಲುತ್ತಿತ್ತು.

"ಈಗ ಭಾಳ ಸೇಫ್ ಅದ್ರಿ."

"ಹಂಗಾದ್ರ ಬಾರಪ್ಪ, ನೀನೇ ರಾಡಿ ತೆಗಿ. ನಾ ಹಾಡು ಹಚ್ಕೋತೀನಿ." ಮರೆಮ್ಮ ಫೋನ್ ಹೊರತೆಗೆದಳು.

ಸಿದ್ದಲಿಂಗೇಶನಿಗೆ ಚಿತ್ತಾಪುರದಲ್ಲಿ ಅರ್ಜೆಂಟ್ ಕೆಲಸ ನೆನಪಾಯಿತು.

"ಹೋಗ್ಲಿ, ನೀವರ ಬರ್ರಿ ಸಾವಕಾರ್ರ. ಮಾತು ಕೊಟ್ಟವ್ರು ನೀವೇ ಅಲ್ಲೇನ್ರಿ?" ಎಂದಳು ಮರೆಮ್ಮ.

ಕಾಶೀನಾಥ ಬ್ಲೇಡಿನ ಕಡೆ ನೋಡಿದ, ಆಮೇಲೆ ತನ್ನ ಹತ್ತು ಬೆರಳಿನ ಕಡೆ. ಸುತ್ತಿಗೆ ತಗೊಂಡು ಸೀಲು ಒಡೆದ.

"ಗ್ಯಾರಂಟಿ ಹೋತ್ರಿ!" ಬೈಕಿನ ಮೇಲಿಂದ ಸಿದ್ದಲಿಂಗೇಶ ಕೂಗಿದ.

ಕಾಶೀನಾಥ ಫ್ಯೂಜ್ ಕಿತ್ತು ತಮ್ಮಣ್ಣನ ಕೈಗೆ ಕೊಟ್ಟ. ಕೊಟ್ಟ ಮಾತು ಉಳಿಯಿತು.