ಚೂಪು ಮೂತಿಯ ಗುಂಡು

ಒಂಟಿಕೊಪ್ಪಲಿನ ಕೋವಿ ಅಂಗಡಿಯನ್ನು ಚೆಲುವಯ್ಯನವರು ತೀರಿಕೊಂಡ ಮೇಲೆ ಮಗಳು ಪದ್ಮಾವತಿಯೇ ನಡೆಸುತ್ತಿದ್ದಳು. ಹೆಂಗಸಿಗೆ ಕೋವಿಯ ವಿಷಯ ಏನು ಗೊತ್ತು ಅಂದವರೆಲ್ಲ ಈ ಹನ್ನೊಂದು ವರ್ಷದಲ್ಲಿ ಸರಿಯಾಗಿ ಉತ್ತರ ಕೇಳಿಸಿಕೊಂಡೇ ಹೋಗಿದ್ದರು.

ಒಂದು ಸೋಮವಾರ ಬಿಲ್ಡರ್ ಸಿದ್ದೇಶ್ ಬಂದ. ವಿಜಯನಗರದಲ್ಲಿ ಮನೆ, ಕಾಡಂಚಿನಲ್ಲಿ ಜಮೀನು. ಬೆಳೆ ಕಾಯಲೆಂದು ಪರವಾನಗಿ ಪಡೆದಿದ್ದ ತಾತನ ಕಾಲದ ರೈಫಲನ್ನು ಮೇಜಿನ ಮೇಲಿಟ್ಟ. ಟ್ರಿಗರ್ ಸುತ್ತಲಿನ ಲಿವರನ್ನು ಎಳೆದು ಬಿಟ್ಟರೆ ಒಂದೊಂದೇ ಕಾಡತೂಸು ಮೇಲೇರುವ ಬಂದೂಕು.

"ಚೂಪು ಮೂತಿಯವು ಒಂದು ಡಬ್ಬ ಕೊಡಿ ಮೇಡಂ. ದೂರ ಹೋಗ್ಬೇಕು."

"ಇದಕ್ಕೆ ಚೂಪು ಆಗಲ್ಲ ಸರ್." ಪದ್ಮಾವತಿ ಎರಡು ಕಾಡತೂಸುಗಳನ್ನು ಒಂದರ ಹಿಂದೊಂದು ಮಲಗಿಸಿ ತೋರಿಸಿದಳು. "ನಳಿಗೆ ಕೆಳಗಿನ ಕೊಳವೆ ಒಳಗೆ ಹಿಂಗೆ ಕೂತಿರ್ತವೆ. ಹಿಂದಿನದರ ಮೂತಿ ಮುಂದಿನದರ ಬೆನ್ನಿಗೆ. ಮದ್ದು ಹತ್ತಿಸೋ ಕೇಪು ಇರೋದೂ ಅಲ್ಲೇ. ಕೋವಿ ಒದ್ದಾಗ ಚೂಪು ಅದನ್ನ ಕುಟ್ಟಿದ್ರೆ ನಿಮ್ಮ ಕೈಲೇ ಸಿಡೀತದೆ. ಚಪ್ಪಟೆ ಮೂತಿದೇ ಹಾಕ್ಬೇಕು."

"ಚಪ್ಪಟೆದು ದೂರ ಹೋಗಲ್ಲ ಕಣ್ರೀ. ಕಡವೆ ಏನು ಹತ್ರ ಬಂದು ನಿಂತ್ಕೊಳ್ತದಾ?"

ಬಾಯಿ ಜಾರಿದ್ದು ಅವನಿಗೇ ಗೊತ್ತಾಯಿತು. ನಕ್ಕುಬಿಟ್ಟ. "ಭಾನುವಾರ ದೊಡ್ಡೋರೊಬ್ರು ಊಟಕ್ಕೆ ಬರ್ತಾ ಅವ್ರೆ. ಅರ್ಥ ಮಾಡ್ಕೊಳ್ಳಿ. ಹೋಗ್ಲಿ, ಚಪ್ಪಟೆದೇ ಕೊಡಿ."

ಪದ್ಮಾವತಿ ಕಾಡತೂಸುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. "ಈಗ ಅದೂ ಇಲ್ಲ."

ಅವನ ಮುಖ ಬಿಗಿಯಿತು. "ನಿಮ್ಮ ಅಂಗಡಿ ಲೈಸೆನ್ಸು ಮುಂದಿನ ತಿಂಗಳು ರಿನ್ಯೂ ಆಗ್ಬೇಕಲ್ವಾ?"

"ಹದಿನಾಲ್ಕನೇ ತಾರೀಕು. ಮರೀದಂಗೆ ಬರ್ಕೊಳ್ಳಿ."

ಅವನೆದುರಿಗೇ ಅಂಗಡಿಯ ಲೆಕ್ಕದ ಪುಸ್ತಕ ತೆಗೆದು, 'ಕಡವೆ ಬೇಟೆಗೆ ಕೇಳಿದರು, ಕೊಡಲಿಲ್ಲ' ಎಂದು ಹೆಸರು ಸಮೇತ ಬರೆದಳು. ಮಧ್ಯಾಹ್ನ ಅದರದೊಂದು ನಕಲನ್ನು ಅರಣ್ಯ ಇಲಾಖೆಯವರಿಗೆ ಕೊಟ್ಟು ಬಂದಳು.

ಭಾನುವಾರ ಸಿದ್ದೇಶನ ಜಮೀನಿನ ಗೇಟಿನಲ್ಲಿ ಅರಣ್ಯ ಸಿಬ್ಬಂದಿ ನಿಂತಿದ್ದರು. ದೊಡ್ಡವರ ಕಾರು ಅವರನ್ನು ಕಂಡಿದ್ದೇ ತಡ, ಬಂದ ದಾರಿಯಲ್ಲೇ ತಿರುಗಿತು.

ವಿಷಯ ತಿಳಿದು ಅಶೋಕಪುರಂನಿಂದ ಅಣ್ಣ ವಿಜಯ್‌ಕುಮಾರ್ ಓಡಿಬಂದ. "ನಿಂಗ್ಯಾಕಮ್ಮ ಊರ ಉಸಾಬರಿ? ಆ ಸಿದ್ದೇಶನ ಹತ್ರ ಹೋಗಿ ತಪ್ಪಾಯ್ತು ಅಂದ್ಬುಡು."

"ತಪ್ಪು ಮಾಡ್ದೋಳು ನಾನಲ್ಲ ಕಣಣ್ಣ. ಅನ್ನಲ್ಲ."

ಹದಿನಾಲ್ಕು ಬಂತು, ಹೋಯಿತು. ಪರವಾನಗಿ ಬರಲಿಲ್ಲ. ಅಂಗಡಿಯ ಷಟರ್ ಇಳಿಯಿತು. ಪರವಾನಗಿ ಕಚೇರಿಯಲ್ಲಿ ಕೇಳಿದರೆ, ಫೈಲು ಮೇಲಿದೆ ಎಂದರು. ಮೇಲೆ ಕೇಳಿದರೆ, ಕೆಳಗೆ ಕಳಿಸಿದ್ದೇವೆ ಎಂದರು. ಪದ್ಮಾವತಿ ದಿನಾ ಹತ್ತು ಗಂಟೆಗೆ ಹೋಗಿ ಕಚೇರಿಯ ಬೆಂಚಿನ ಮೇಲೆ ಕೂತಳು. ಬುತ್ತಿ ಅಲ್ಲೇ ಬಿಚ್ಚಿ ಉಂಡಳು. ಸಂಕಟ ಆಗದೇ ಇರಲಿಲ್ಲ. ಅಪ್ಪ ಒಂದು ದಿನವೂ ಮುಚ್ಚದ ಅಂಗಡಿ ಅದು. ಆದರೂ ಮುಖದಲ್ಲಿ ತೋರಿಸಲಿಲ್ಲ.

ಹತ್ತೊಂಬತ್ತನೇ ದಿನ ಸಾಹೇಬರು ತಾವಾಗಿಯೇ ಹೊರಗೆ ಬಂದರು. "ಇನ್ನೆಷ್ಟು ದಿನ ಬರ್ತೀರಮ್ಮ?"

"ನನ್ನ ತಪ್ಪೇನು ಅಂತ ನೀವು ಬರೆದು ಕೊಡೋವರೆಗೂ ಸಾರ್."

ಅದನ್ನು ಬರೆಯುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಎರಡು ದಿನಕ್ಕೆ ಫೈಲು ಸಿಕ್ಕಿತು, ಸಹಿಯೂ ಬಿತ್ತು.

ಮರುದಿನ ಬೆಳಿಗ್ಗೆ ಷಟರ್ ಬಿಗಿದುಕೊಂಡಿತ್ತು. ಎತ್ತಲು ವಿಜಯ್‌ಕುಮಾರ್ ಮುಂದೆ ಬಂದ.

"ಬುಡಣ್ಣ, ನಾನೇ ಎತ್ತೀನಿ," ಎಂದು ಪದ್ಮಾವತಿ ಸೆರಗು ಸಿಕ್ಕಿಸಿಕೊಂಡು ಬಗ್ಗಿದಳು. ಬೀದಿಯವರೆಲ್ಲ ತಿರುಗಿ ನೋಡುವಷ್ಟು ಸದ್ದು ಮಾಡಿಕೊಂಡು ಷಟರ್ ಮೇಲೆ ಹೋಯಿತು.