ಹಿತ್ತಲ ಸೇತುವೆಗೆ ಎರಡನೇ ಸಹಿ

ಬೀದಿಯವರೆಲ್ಲ ಅವರನ್ನು ಇನ್ಸ್‌ಪೆಕ್ಟರು ಎಂದೇ ಕರೆಯುತ್ತಿದ್ದರು. ಹೊಸದಾಗಿ ಬಾಡಿಗೆಗೆ ಬಂದವರು ಪೊಲೀಸಿನವರೆಂದುಕೊಂಡು ಒಂದೆರಡು ತಿಂಗಳು ತಗ್ಗಿಬಗ್ಗಿ ನಡೆಯುತ್ತಿದ್ದರು. ಅವರು ಹಿಡಿಯುತ್ತಿದ್ದದ್ದು ಕಳ್ಳರನ್ನಲ್ಲ, ರೈಲು ಸೇತುವೆಗಳ ತಪ್ಪುಗಳನ್ನು ಎಂದು ಗೊತ್ತಾದ ಮೇಲೆ ನಿಟ್ಟುಸಿರು ಬಿಡುತ್ತಿದ್ದರು. ಮೂವತ್ತನಾಲ್ಕು ವರ್ಷ ಸೇತುವೆಗಳ ಅಡಿಗೆ ನುಸುಳಿ, ಒಂದೊಂದು ಮೊಳೆಗೂ ಸುತ್ತಿಗೆಯಿಂದ ತಟ್ಟಿ, 'ಇದು ನಡೆಯುವುದಿಲ್ಲ' ಎಂದು ಬರೆದು ಬಂದ ಜೀವ ಅದು. ನಿವೃತ್ತರಾದ ಮೇಲೆ ಕೈ ಸುಮ್ಮನಿರಲಿಲ್ಲ. ಸ್ವಲ್ಪ ದಿನ ಹೆಂಡತಿ ಮಡಿಸಿಟ್ಟ ಬಟ್ಟೆಗಳ ತಪಾಸಣೆ ಮಾಡಿ ನೋಡಿದರು. ಆಕೆ ಹೆಸರಾಂತ ದರ್ಜಿ. ಕತ್ತರಿ ಹಿಡಿದುಕೊಂಡೇ ತಿರುಗಿ ನೋಡಿದಳು. ಮಾರನೆಯ ದಿನದಿಂದ ಇನ್ಸ್‌ಪೆಕ್ಟರು ಹಿತ್ತಲಲ್ಲಿ ಮಾದರಿ ರೈಲಿನ ಹಳಿ ಹಾಸತೊಡಗಿದರು.

ಹಳಿ ಗೋಡೆಯ ಪಕ್ಕದಲ್ಲಿ ಹೊರಟು, ಹೂಕುಂಡಗಳ ಹಿಂದೆ ನುಸುಳಿ, ಬಟ್ಟೆ ಒಣಹಾಕುವ ತಂತಿಯ ಕಂಬಕ್ಕೆ ಒಂದು ಸುತ್ತು ಹೊಡೆದು ಬರುತ್ತಿತ್ತು. ನಡುವೆ ತಾವರೆ ತೊಟ್ಟಿಯ ನೀರು ಹೋಗುವ ಕಾಲುವೆ. ಅದರ ಮೇಲೆ ನಾಲ್ಕಡಿ ಉದ್ದದ ಮರದ ಸೇತುವೆ. ರೈಲು ಆಟದ್ದೇ ಇರಬಹುದು, ನಿಯಮ ಮಾತ್ರ ಅಸಲಿ. ತಿಂಗಳಿಗೊಮ್ಮೆ ತಪಾಸಣೆ ಮಾಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಹೊಸದೇನೇ ಕಟ್ಟಿದರೂ, ಅದಕ್ಕೆ ಕೈ ಹಚ್ಚದ ಇನ್ನೊಬ್ಬರು ನೋಡಿ ಸಹಿ ಹಾಕದೆ ರೈಲು ಬಿಡುವಂತಿಲ್ಲ. ಮೊದಲ ಸೇತುವೆಗೆ ಹಳೆಯ ಸಹೋದ್ಯೋಗಿಯೊಬ್ಬರು ಸಹಿ ಹಾಕಿದ್ದರು. ಅವರು ಈಗ ಮಗಳ ಊರು ಸೇರಿದ್ದಾರೆ.

ಹತ್ತು ದಿನದ ಹಿಂದೆ ಹೆಂಡತಿ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಹೋಗುವಾಗ ಒಂದು ಕಾಲು ಸೇತುವೆಯ ಮೇಲೆ ಬಿತ್ತು. ಲಟಕ್ ಎಂದಿತು. ಬಕೆಟ್ಟು, ಬಟ್ಟೆ, ಆಕೆ, ಮೂರೂ ಕಾಲುವೆಯಲ್ಲಿ. ಓಡಿಬಂದ ಇನ್ಸ್‌ಪೆಕ್ಟರು ಮೊದಲು ಕೇಳಿದ್ದು, "ಎಂಜಿನ್ ಎಲ್ಲಿತ್ತು?" ಎಂದು. ಅದನ್ನಾದರೂ ಆಕೆ ಕ್ಷಮಿಸುತ್ತಿದ್ದಳೋ ಏನೋ. ಆದರೆ ಈ ಮಹಾನುಭಾವರು ಸಂಜೆ ಕೂತು ಅಪಘಾತದ ವರದಿ ಬರೆದು, 'ಕಾರಣ: ಮಿತಿಮೀರಿದ ಭಾರ' ಎಂದು ಕೆಳಗೆ ಗೀಟು ಬೇರೆ ಎಳೆದು, ಮೇಜಿನ ಮೇಲೆ ಬಿಟ್ಟು ಮಲಗಿದರು.

ಬೆಳಿಗ್ಗೆ ಆಕೆ ಓದಿದಳು.

"ಭಾರ ಅಂದ್ರೆ ನಾನಾ?"

"ಬಕೆಟ್ಟೂ ಇತ್ತಲ್ಲ," ಎಂದರು ಇನ್ಸ್‌ಪೆಕ್ಟರು. ತಾವು ಸಮಾಧಾನ ಮಾಡುತ್ತಿದ್ದೇವೆಂದೇ ಅವರ ಭಾವನೆ.

ಅಂದಿನಿಂದ ಮನೆಯಲ್ಲಿ ಮಾತಿಗೆ ಬರಗಾಲ ಬಂತು. ಕೊನೆಗೆ ಆಕೆ ಒಂದೇ ಉಸಿರಿನಲ್ಲಿ ತೀರ್ಪು ಕೊಟ್ಟಳು: "ಬರೋ ಭಾನುವಾರದೊಳಗೆ ಸೇತುವೆ ಆಗಿ ರೈಲು ಓಡಿದ್ರೆ ಸರಿ. ಇಲ್ಲಾಂದ್ರೆ ಹಳಿ ಕೀಳಿಸ್ತೀನಿ, ಟೊಮೆಟೊ ಹಾಕ್ತೀನಿ." ಆಡಿದ ಮಾತಿನಂತೆ ನಡೆಯುವ ಹೆಂಗಸು ಎಂಬುದು ಇನ್ಸ್‌ಪೆಕ್ಟರಿಗೆ ಚೆನ್ನಾಗಿ ಗೊತ್ತಿತ್ತು. ಆ ರೈಲೂ ಹೋದರೆ ಬೆಳಿಗ್ಗೆ ಏಳುವುದಾದರೂ ಯಾಕೆ ಎಂದು ಅವರಿಗೆ ನಿಜವಾಗಿಯೂ ಭಯವಾಯಿತು.

ಕಿಟಕಿ ಗ್ರಿಲ್ ಮಾಡುವ ಭಾಮೈದ ನೆರವಿಗೆ ಬಂದ. ಆರು ಕಿಲೋ ತೂಗುವ ರೈಲಿಗೆ ಇನ್ಸ್‌ಪೆಕ್ಟರು ಹನ್ನೊಂದು ಹಾಳೆ ಲೆಕ್ಕ ಮಾಡಿ, ಉಕ್ಕಿನ ಪಟ್ಟಿಗಳನ್ನು ಅಡ್ಡಡ್ಡ ಉದ್ದುದ್ದ ಜೋಡಿಸಿ, ಇನ್ನೂರ ಹದಿನಾರು ಬೋಲ್ಟು ಬರೆದಿದ್ದರು.

"ಭಾವ, ಇದರ ಮೇಲೆ ಎಮ್ಮೆ ಓಡಿಸ್ತೀರಾ?" ಎಂದ ಭಾಮೈದ.

"ಬೋಲ್ಟು ಎಣಿಸು," ಎಂದರು ಭಾವ.

ಊಟದ ಮೇಜಿನ ಮೇಲೆ ನಾಲ್ಕು ದಿನ ಕೆಲಸ ನಡೆಯಿತು. ಮೂವರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು. ಶುಕ್ರವಾರ ಭಾಮೈದನೇ ಕಾಲುವೆಗಿಳಿದು, ಮಂಡಿಯೂರಿ, ಸೇತುವೆಯನ್ನು ಕಲ್ಲುಗಳ ಮೇಲೆ ಕೂರಿಸಿದ. ಇನ್ಸ್‌ಪೆಕ್ಟರು ದಡದಲ್ಲಿ ನೆಟ್ಟಗೆ ನಿಂತು ಕೈಸನ್ನೆ ಮಾಡಿದರು.

"ಇನ್ನೊಬ್ಬರನ್ನ ಯಾಕೆ ಹುಡುಕ್ತೀರಾ, ನಾನೇ ಸಹಿ ಹಾಕ್ತೀನಿ," ಎಂದ ಭಾಮೈದ ಪಾಪ.

"ನೀನು ಕೈ ಹಚ್ಚಿದವನು. ಆಗಲ್ಲ."

"ಹಾಗಾದ್ರೆ ಇನ್ಯಾರು?"

ಇಬ್ಬರೂ ಅಡುಗೆಮನೆಯ ಬಾಗಿಲ ಕಡೆ ನೋಡಿದರು.

ಆಕೆ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು, ಕೈಯಲ್ಲಿ ಸೀಮೆಸುಣ್ಣ ಹಿಡಿದು ಬಂದಳು. ಅತ್ತ ಅಳೆದಳು, ಇತ್ತ ಅಳೆದಳು. ಕಣ್ಣು ಕಿರಿದು ಮಾಡಿ ಅಂಚನ್ನು ನೋಡಿದಳು. "ಈ ಕಡೆ ಎರಡು ನೂಲು ಇಳಿದಿದೆ. ಬಿಚ್ಚಿ ಮತ್ತೆ ಹೊಲೀರಿ."

"ಎರಡು ನೂಲಿಗೆ ರೈಲು ಬೀಳಲ್ಲ ಕಣೇ."

"ಎರಡು ನೂಲಿಗೆ ರವಿಕೆಯ ತೋಳು ಎಳೆಯುತ್ತೆ. ನನಗೆ ಗೊತ್ತಿರೋದು ಇಷ್ಟೇ."

ಇನ್ಸ್‌ಪೆಕ್ಟರು ಮಟ್ಟಗೋಲು ತಂದಿಟ್ಟು ನೋಡಿದರು. ಸರಿಯಾಗಿ ಎರಡೇ ನೂಲು, ಅಂದರೆ ಕಾಲು ಇಂಚು. ಸಿಟ್ಟು ಬಂತು, ಹಿಂದೆಯೇ ಮೆಚ್ಚುಗೆಯೂ ಬಂತು. ಎಷ್ಟೋ ಗುತ್ತಿಗೆದಾರರು ತಮ್ಮನ್ನು ಹೀಗೆ ಗುರಾಯಿಸಿಕೊಂಡು ನಿಂತಿದ್ದರು ಎಂಬುದು ಆಗ ನೆನಪಾಯಿತು. ಶನಿವಾರ ಎರಡನೇ ತಪಾಸಣೆ. ಆಕೆ ತೆಳ್ಳನೆಯ ಬಟ್ಟೆಯ ತುಂಡನ್ನು ಸೇತುವೆಯುದ್ದಕ್ಕೂ ಎಳೆದಳು. ನೂಲು ಸಿಕ್ಕಿಕೊಂಡಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದಳು. ಹದಿನೇಳು ಗುರುತು. ಭಾಮೈದ ಅರ ಹಿಡಿದು ಉಜ್ಜುತ್ತ ಕೂತವನು ಮಧ್ಯಾಹ್ನ ದಾಟಿದರೂ ಏಳಲಿಲ್ಲ. ಹೊರಡುವಾಗ ಅವನು, "ಭಾವ, ನಾಳೆ ಅಂಗಡಿಯಲ್ಲಿ ತುಂಬಾ ಕೆಲಸ," ಎಂದ. ನಾಳೆ ಭಾನುವಾರ, ಅಂಗಡಿಗೆ ರಜೆ ಎಂದು ಮೂವರಿಗೂ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಇನ್ಸ್‌ಪೆಕ್ಟರು ಎಂಜಿನ್ ಒರೆಸಿ, ಪೆನ್ನು ಹಿಡಿದು ಕಾದರು. ಆಕೆ ಹೊಸ ಸೇತುವೆಯ ಕಡೆ ನೋಡಲೇ ಇಲ್ಲ. ಗೋಡೆಗೆ ಒರಗಿಸಿಟ್ಟಿದ್ದ ಹಳೆಯ ಸೇತುವೆಯ ತೊಲೆಯನ್ನು ಎತ್ತಿಕೊಂಡು, ತಿರುಗಿಸಿ, ಕತ್ತರಿಯ ತುದಿಯನ್ನು ಅದರ ಅಡಿಗೆ ಒತ್ತಿದಳು. ಕತ್ತರಿ ಹಿಡಿಯವರೆಗೆ ಒಳಗೆ ಹೋಯಿತು. ಮರ ಪುಡಿಪುಡಿಯಾಗಿ ಉದುರಿತು.

"ರಿಜಿಸ್ಟರ್ ಕೊಡಿ."

ಅವರು ಕೊಟ್ಟರು. ಕೊಡದೆ ಇರುವುದು ನಿಯಮಕ್ಕೆ ವಿರುದ್ಧ.

"ಹೋದ ತಿಂಗಳು ಐದನೇ ತಾರೀಕು," ಎಂದು ಆಕೆ ಓದಿದಳು. "ಅಡಿಭಾಗ ನೋಡಿದೆ, ಗಟ್ಟಿಯಾಗಿದೆ. ಅದರ ಹಿಂದಿನ ತಿಂಗಳು, ಅಡಿಭಾಗ ನೋಡಿದೆ, ಗಟ್ಟಿಯಾಗಿದೆ." ಹಾಳೆ ಮಗುಚಿದಳು. "ಇಷ್ಟು ಕೊಳೀಬೇಕಾದ್ರೆ ಎರಡು ವರ್ಷವಾದ್ರೂ ಬೇಕು. ನೀವು ಬಗ್ಗಿ ನೋಡಿದ್ರಾ?"

ಇನ್ಸ್‌ಪೆಕ್ಟರು ಎಂಜಿನ್ನನ್ನೇ ಒರೆಸುತ್ತ ಕೂತರು. ಒಂದು ಕಾಲದಲ್ಲಿ, ಸೇತುವೆಗೆ ಇಳಿಯದೆ ಚಹಾದ ಅಂಗಡಿಯಲ್ಲಿ ಕೂತು ಸಹಿ ಹಾಕಿದ ಕಿರಿಯನೊಬ್ಬನನ್ನು ಕೆಲಸದಿಂದ ತೆಗೆಸಿದ್ದು ಇದೇ ಕೈ. ಅವನು ಅತ್ತಿದ್ದ, ಇವರು ಕರಗಿರಲಿಲ್ಲ. ಈಗ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಮಂಡಿ ಬಗ್ಗಲ್ಲ ಕಣೇ," ಎಂದರು ಕೊನೆಗೆ. "ಎರಡು ವರ್ಷ ಆಯ್ತು. ನೆಲದ ಮೇಲೆ ಕೂತರೆ ಏಳೋಕಾಗಲ್ಲ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಬೀದಿಯವರೆಲ್ಲ ಇನ್ಸ್‌ಪೆಕ್ಟರು ಅಂತಾರೆ. ಸೇತುವೆ ಅಡಿಗೆ ಹೋಗಿ ನೋಡೋಕಾಗದವನು ಎಂಥ ಇನ್ಸ್‌ಪೆಕ್ಟರು?"

ಅವರು ಅಪಘಾತದ ವರದಿಯನ್ನು ತಂದು, 'ಮಿತಿಮೀರಿದ ಭಾರ' ಎಂಬುದನ್ನು ಹೊಡೆದುಹಾಕಿ, 'ತಪಾಸಕನು ನೋಡದೆ ನೋಡಿದೆನೆಂದು ಬರೆದದ್ದು' ಎಂದು ದಪ್ಪ ಅಕ್ಷರದಲ್ಲಿ ಬರೆದು ಸಹಿ ಹಾಕಿದರು. ಆಕೆ ಎರಡು ಸಲ ಓದಿದಳು. ಕೊರಳ ಟೇಪನ್ನು ತೆಗೆದು ಅವರ ಕೊರಳಿಗೆ ಹಾಕಿ, ಕಾಲುವೆಯ ದಡದಲ್ಲಿ ಬೋರಲು ಮಲಗಿ, ಹೊಸ ಸೇತುವೆಯ ಅಡಿಗೆ ತಲೆ ತೂರಿಸಿದಳು.

"ಏನ್ಮಾಡ್ತಿದೀಯ?"

"ಅಡಿಭಾಗ ನೋಡ್ತಿದೀನಿ. ಒಂದು ಬೋಲ್ಟು ಸಡಿಲ ಇದೆ, ಸ್ಪ್ಯಾನರ್ ಕೊಡಿ. ಬಿಗಿ ಮಾಡೋದು ಕೈ ಹಚ್ಚಿದ ಲೆಕ್ಕಕ್ಕೆ ಬರಲ್ಲ." ಸ್ವಲ್ಪ ಹೊತ್ತು ಕಿರುಗುಟ್ಟುವ ಸದ್ದು. "ಆಯ್ತು. ಈಗ ಎಬ್ಬಿಸಿ, ಕೆಸರಲ್ಲಿ ಕೈ ಜಾರ್ತಿದೆ."

ಇನ್ಸ್‌ಪೆಕ್ಟರು ಕೈ ಚಾಚಿದರು. ಆ ಕೈ ಆಕೆಯ ಬೆನ್ನಿಗಿಂತ ಎರಡಡಿ ಮೇಲೆ ನಿಂತಿತು. ಇನ್ನಷ್ಟು ಬಗ್ಗಿದರು, ಮಂಡಿ ಕಟಕ್ಕೆಂದಿತು. "ಅಯ್ಯೋ!" ಎಂದರು ಇಬ್ಬರೂ, ಬೇರೆ ಬೇರೆ ಕಾರಣಕ್ಕೆ.

"ತಮ್ಮನಿಗೆ ಫೋನ್ ಮಾಡಲಾ?"

"ಈ ಅವಸ್ಥೇಲಿ ಅವನು ನನ್ನ ನೋಡಿದ್ರೆ ಸಾಯೋವರೆಗೂ ನಗ್ತಾನೆ. ಬೇಡ!"

ಆಕೆ ಅತ್ತಿತ್ತ ತಡಕಾಡಿ, ಹೊಸ ಸೇತುವೆಯ ಮೇಲೆ ಒಂದು ಕೈ ಊರಿದಳು. ಆಮೇಲೆ ಮೊಣಕೈ. ಆಮೇಲೆ ಮಂಡಿ. ಇನ್ಸ್‌ಪೆಕ್ಟರು ಉಸಿರು ಬಿಗಿಹಿಡಿದರು. ಆಕೆ ಪೂರ್ತಿ ಅದರ ಮೇಲೆಯೇ ಹತ್ತಿ ನಿಂತು, ಕೆಸರು ಮೆತ್ತಿದ ಮುಖದಲ್ಲಿ ಅವರತ್ತ ನೋಡಿದಳು. ಸೇತುವೆ ಮಿಸುಕಲಿಲ್ಲ.

ಅವರು ಟೇಪನ್ನು ಕೊರಳಲ್ಲೇ ಬಿಟ್ಟುಕೊಂಡು ರಿಜಿಸ್ಟರನ್ನೂ ಪೆನ್ನನ್ನೂ ಚಾಚಿದರು. ಆಕೆ ಅಲ್ಲೇ ನಿಂತು ಸಹಿ ಹಾಕಿದಳು.

"ಇನ್ಮೇಲೆ ಸೇತುವೆಯ ಅಡಿಭಾಗ ನಾನು ನೋಡ್ತೀನಿ, ಮೇಲ್ಭಾಗ ನೀವು ನೋಡಿ," ಎಂದಳು. "ಮುಂದಿನ ತಿಂಗಳಷ್ಟೊತ್ತಿಗೆ ನನ್ನ ಎಬ್ಬಿಸೋಕೆ ಏನಾದ್ರೂ ಕಟ್ಟಿ. ಬೋಲ್ಟು ಎಷ್ಟಾದ್ರೂ ಹಾಕಿ."