ಕುಲುಕದ ಗಾಡಿ

ತಗ್ಗು ಬಂತು. ಹೋಯಿತು.

ಬಸಂತರಾಯ ಬೆನ್ನು ಬಿಗಿ ಹಿಡಿದು ಕಾದಿದ್ದ. ದೇವರ ಹಿಪ್ಪರಗಿ ದಾಟಿದ ಮೇಲೆ ಮೋರಿಯ ಹತ್ತಿರ ಬರುವ ಆ ತಗ್ಗು ಅವನಿಗೆ ಬಹಳ ವರ್ಷಗಳ ಪರಿಚಯ. ಜೀಪಿನಲ್ಲಿ ಹೋದಾಗಲೆಲ್ಲ ಅಲ್ಲಿ ಹಲ್ಲು ಹಲ್ಲಿಗೆ ಬಡಿಯುತ್ತಿತ್ತು. ಈಗ ಕಣ್ಣಿಗೆ ಕಂಡಿತು, ಮೈಗೆ ತಿಳಿಯಲಿಲ್ಲ. ಕನ್ನಡಿಯಲ್ಲಿ ಹಿಂದೆ ನೋಡಿದ. ತಗ್ಗು ಅಲ್ಲೇ ಇತ್ತು.

"ಗೊತ್ತಾತೇನ್ರಿ ಸಾವ್ಕಾರ್ರ?" ಎಂದ, ಪಕ್ಕದ ಸೀಟಿನಲ್ಲಿದ್ದ ಹುಬ್ಬಳ್ಳಿ ಶೋರೂಮಿನವನು.

"ಏನು?"

"ಅದ ನೋಡ್ರಿ ಮತ್ತ! ಏನೂ ಗೊತ್ತಾಗಲಿಲ್ಲ."

ಅವನ ಹೆಸರು ಅಮೋಘಸಿದ್ಧ. ಕೊಟ್ಟ ಕಾರ್ಡಿನಲ್ಲಿ ಮಾತ್ರ ಅಮೋಘ್ ಎಂದಿತ್ತು. ಸಿದ್ಧನನ್ನು ಹುಬ್ಬಳ್ಳಿಯಲ್ಲಿ ಎಲ್ಲಿ ಇಳಿಸಿ ಬಂದೆಯಪ್ಪಾ ಎಂದು ಕೇಳಬೇಕೆನಿಸಿತು ಬಸಂತರಾಯನಿಗೆ. ಕೇಳಲಿಲ್ಲ. ಬೆಳಗಿನಿಂದ ಅವನು ಕೇಳಬೇಕೆಂದುಕೊಂಡ ಯಾವುದನ್ನೂ ಕೇಳಿರಲಿಲ್ಲ.

ಗಾಡಿ ಬುಕ್ ಆಗಿತ್ತು. ಸಿಂದಗಿಯ ಬಜಾರಿನಲ್ಲಿ ಇನ್ನೂ ಯಾರೂ ತರದ, ಆನೆಯಂಥ ಜರ್ಮನ್ ಗಾಡಿ. ಬಣ್ಣ ಗೊತ್ತು ಮಾಡಿಯಾಗಿತ್ತು, ಸೀಟಿನ ಚರ್ಮ ಗೊತ್ತು ಮಾಡಿಯಾಗಿತ್ತು. ಉಳಿದದ್ದು ಒಂದೇ. ಕೆಳಗೆ ಸಾದಾ ಉಕ್ಕಿನ ಸ್ಪ್ರಿಂಗ್ ಸಾಕೋ, ಅಥವಾ ಗಾಳಿ ತುಂಬಿದ ಚೀಲಗಳ ಏರ್ ಸಸ್ಪೆನ್ಶನ್ ಬೇಕೋ. ಬೇಕೆಂದರೆ ಬೇರೆ ದುಡ್ಡು. ಆ ದುಡ್ಡಿಗೆ ಒಂದು ಹೊಸ ಟ್ರ್ಯಾಕ್ಟರ್ ಬರುತ್ತಿತ್ತು. ಸಂಜೆಯೊಳಗೆ ಹೇಳಬೇಕು, ಆಮೇಲೆ ಹಾಕಿಸಲು ಬರುವುದಿಲ್ಲ. ನೋಡಿ ತಿಳಿಯಲಿ ಎಂದು ಶೋರೂಮಿನವರು ಅದನ್ನು ಹಾಕಿಸಿದ್ದ ತಮ್ಮದೇ ಗಾಡಿಯನ್ನು ಒಂದು ದಿನಕ್ಕೆ ಕಳಿಸಿದ್ದರು. ಬೇಕು ಎನ್ನಲು ಬಸಂತರಾಯನಿಗೆ ಮನಸ್ಸಿರಲಿಲ್ಲ. ಬೇಡ ಎನ್ನಲು ಧೈರ್ಯವಿರಲಿಲ್ಲ.

"ಕೂಸು ಹುಟ್ಟೂದಕ್ಕಿಂತ ಮೊದಲ ಕುಲಾವಿ ಹೊಲಸಿದ್ರಂತ," ಎಂದಳು ಹಿಂದಿನ ಸೀಟಿನಿಂದ ಅವನ ತಾಯಿ ಚನ್ನವ್ವ. ಅವಳ ಪಕ್ಕದಲ್ಲಿ ಬುತ್ತಿಯ ಬುಟ್ಟಿಗಳಿದ್ದವು. "ನೀ ಅಂತೂ ಕುಲಾವಿಗೆ ಗಾಲಿ ಹಚ್ಚಿಸಿದಿ."

ಅಮೋಘಸಿದ್ಧ ನಕ್ಕ. ಬಸಂತರಾಯನಿಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದ್ದರಿಂದ ಹಾರ್ನ್ ಹೊಡೆದ. ರಸ್ತೆಯಲ್ಲಿ ಯಾರೂ ಇರಲಿಲ್ಲ.

ಅವರು ಮುದ್ದೇಬಿಹಾಳಕ್ಕೆ ಹೊರಟಿದ್ದರು. ಅಲ್ಲಿ ಕೊಟ್ಟಿದ್ದ ಮಗಳು ಸುನೀತಾಗೆ ಈಗ ಏಳು ತಿಂಗಳು. ಚೊಚ್ಚಲ ಬಾಣಂತನಕ್ಕೆ ಕರೆದುಕೊಂಡು ಬರಬೇಕು. ಚೊಚ್ಚಲ ಎನ್ನುವುದು ಲೆಕ್ಕಕ್ಕೆ ಮಾತ್ರ. ಹೋದ ವರ್ಷ ಐದು ತಿಂಗಳಿದ್ದಾಗ ಸಂಬಂಧಿಕರ ಮದುವೆಗೆಂದು ಅವಳನ್ನು ಬಸಂತರಾಯನೇ ಜೀಪಿನಲ್ಲಿ ಸಿಂದಗಿಗೆ ಕರೆತಂದಿದ್ದ. ಮದುವೆಯ ಮಾರನೆಯ ದಿನ ಗರ್ಭ ಇಳಿದುಹೋಯಿತು.

ವಿಜಾಪುರದ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: ಹೀಗೆ ಆಗುವುದುಂಟು, ಜೀಪಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಮಂಚದ ಕಾಲ ಬಳಿ ನಿಂತಿದ್ದ ಬೀಗತಿ ಸುಂದರವ್ವ, ಸೆರಗಿನಿಂದ ಬಾಯಿ ಒರೆಸಿಕೊಂಡು, "ನಿಮ್ಮ ಜೀಪಿನ್ಯಾಗ ಕುಲುಕಿ ಕುಲುಕಿ ಹೋತು ನೋಡ್ರಿ, ಬೀಗರ," ಎಂದಿದ್ದಳು. ಒಂದೇ ಸಲ. ಜೋರಾಗಿಯೂ ಅಲ್ಲ.

ಬಸಂತರಾಯ ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಮಾಡಿದವನು. ಅಪ್ಪ ತೀರಿಕೊಂಡ ಮೇಲೆ ಊರಿಗೆ ಬಂದು ತೊಗರಿ ಬೇಳೆಯ ಮಿಲ್ಲು ಹಿಡಿದವನು. ಡಾಕ್ಟರು ಹೇಳಿದ್ದೇ ಸರಿ ಎಂದು ಅವನ ಬುದ್ಧಿಗೆ ಗೊತ್ತಿತ್ತು. ಅವನು ನಂಬಿದ್ದು ಮಾತ್ರ ಸುಂದರವ್ವನನ್ನು. ಕಾರಣವೇ ಇಲ್ಲವೆಂದರೆ ಮನುಷ್ಯ ಏನು ಮಾಡಬೇಕು? ಕಾರಣವಿದ್ದರೆ ಅದಕ್ಕೊಂದು ಉಪಾಯವಿರುತ್ತದೆ, ಉಪಾಯವನ್ನು ಎಲ್ಲಿಯಾದರೂ ಮಾರುತ್ತಿರುತ್ತಾರೆ. ಹೀಗೆ ಅವನು ಹುಬ್ಬಳ್ಳಿಯ ಶೋರೂಮಿನ ಗಾಜಿನ ಬಾಗಿಲ ತನಕ ಹೋಗಿದ್ದ.

ಮಿಲ್ಲಿನಲ್ಲಿ ದಿನವಿಡೀ ನೆಲ ನಡುಗುತ್ತದೆ. ಮೇಜಿನ ಮೇಲಿಟ್ಟ ಚಹಾದಲ್ಲಿ ಸುತ್ತುಗಳೇಳುತ್ತವೆ. ಮನೆಗೆ ಬಂದರೂ ಮೈಯೊಳಗೆ ಮಿಲ್ಲು ಓಡುತ್ತಲೇ ಇರುತ್ತದೆ. ಹೆಂಡತಿ ರಾಜೇಶ್ವರಿಗೆ ಇದನ್ನೊಮ್ಮೆ ಹೇಳಿದ್ದ. "ಬಿ.ಪಿ. ತೋರಿಸ್ರಿ," ಎಂದಿದ್ದಳು. ಆಮೇಲೆ ಅವನು ಯಾರಿಗೂ ಹೇಳಲಿಲ್ಲ. ಮಗಳ ಜೊತೆ ಫೋನಿನಲ್ಲಿ ಮಾತಾಡುವುದು ದಿನಾ ಇತ್ತು. ಆರಾಮೇನು? ಆರಾಮ. ನೀವು? ಆರಾಮ. ಅಷ್ಟಕ್ಕೇ ಇಬ್ಬರಿಗೂ ದಣಿವಾಗುತ್ತಿತ್ತು.

ಮುದ್ದೇಬಿಹಾಳದ ಓಣಿಯಲ್ಲಿ ಗಾಡಿ ನಿಂತಾಗ ಕಿಟಕಿಗಳು ತೆರೆದವು. ಅಳಿಯ ಸಿದ್ದಾರೂಢ, ಕಾಲೇಜಿನ ಉಪನ್ಯಾಸಕ, ಮಾವನಿಗೆ ನಮಸ್ಕಾರ ಮಾಡುವುದನ್ನೂ ಮರೆತು ಸ್ಟೇರಿಂಗಿನ ಹಿಂದೆ ಕೂತು ಒಂದೊಂದೇ ಗುಂಡಿ ಒತ್ತತೊಡಗಿದ. ಅಮೋಘಸಿದ್ಧ ಅವನಿಗೆ ಗಾಡಿಯನ್ನು ಎತ್ತಿ ಇಳಿಸಿ ತೋರಿಸಿದ. ಗಾಡಿ ನಿಧಾನವಾಗಿ ಮೇಲೆದ್ದು, ಉಸ್ಸೆಂದು ಕೆಳಗೆ ಕೂತಾಗ ಓಣಿಯವರು ಹೋ ಎಂದರು.

ಬಸಂತರಾಯ ಸುಂದರವ್ವನಿಗಾಗಿ ಕಾಯುತ್ತಿದ್ದ. ಅವಳು ಬಂದಳು. ಹಿಂದಿನ ಬಾಗಿಲು ತೆಗೆಸಿ, ಅರಳೆಯ ಗಾದಿ ಕೊಳ್ಳುವವರ ಹಾಗೆ ಸೀಟನ್ನು ಅಂಗೈಯಿಂದ ಒತ್ತಿ ನೋಡಿದಳು.

"ಕುಲುಕಂಗಿಲ್ರಿ ಇದು," ಎಂದ ಬಸಂತರಾಯ. ತನ್ನ ಧ್ವನಿ ತನಗೇ ಅಸಹ್ಯವೆನಿಸಿತು.

"ಗಾಡಿ ದೊಡ್ಡದೈತ್ರಿ," ಎಂದಳು ಸುಂದರವ್ವ. "ಬರ್ರಿ, ಊಟಕ್ಕ ಏಳ್ರಿ."

ಅಷ್ಟೇ. ಅವಳು ತನ್ನ ಹಳೆಯ ಮಾತನ್ನು ಮರೆತೇಬಿಟ್ಟಿದ್ದಳು ಎಂದು ಅವನಿಗೆ ಹೊಳೆದದ್ದು ಹೋಳಿಗೆಯ ಮೇಲೆ ತುಪ್ಪ ಬೀಳುತ್ತಿರುವಾಗ. ಅನ್ನುವವರು ಅಂದು ಕೈ ತೊಳೆದುಕೊಳ್ಳುತ್ತಾರೆ, ಕೇಳಿಸಿಕೊಂಡವನು ಆನೆಯಂಥ ಗಾಡಿ ಕೊಳ್ಳುತ್ತಾನೆ.

ಊಟವಾದ ಮೇಲೆ ಉಡಿ ತುಂಬಿದರು. ಓಣಿಯ ಮುತ್ತೈದೆಯರು ಸರದಿಯಂತೆ ಬಂದು ಸುನೀತಾಳ ಸೆರಗಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಹಾಡು ಹೇಳಿದರು. ಬಸಂತರಾಯ ಬಾಗಿಲಲ್ಲಿ ನಿಂತು ನೋಡಿದ. ಹಸಿರು ಸೀರೆಯಲ್ಲಿ ಮಗಳು ಯಾರದೋ ಮಗಳಂತೆ ಕಂಡಳು. ಹಾಡು ನಡೆದಾಗ ಒಮ್ಮೆ ಅವಳು ತಲೆಯೆತ್ತಿ ಅವನನ್ನೇ ನೋಡಿದಳು. ಏನೋ ಹೇಳುವವಳಂತೆ ತುಟಿ ಅಲುಗಿತು.

"ಆರಾಮೇನು?" ಎಂದ.

"ಆರಾಮ, ಅಪ್ಪಾ."

ಹೊಸ್ತಿಲು ದಾಟಿದ ಮೇಲೆ ಸುನೀತಾಗೆ ಮೊಬೈಲಿನ ಚಾರ್ಜರ್ ಒಳಗೇ ಉಳಿದದ್ದು ನೆನಪಾಯಿತು. ಸುಂದರವ್ವ ಅಡ್ಡ ಬಂದಳು. ಉಡಿ ತುಂಬಿಸಿಕೊಂಡು ಹೊರಬಿದ್ದವಳು ಕೂಸನ್ನು ಎತ್ತಿಕೊಂಡೇ ಈ ಹೊಸ್ತಿಲು ತುಳಿಯಬೇಕು. ನಡುವೆ ಹೊರಳಿ ಬರಬಾರದು, ಹೊರಳಿ ನೋಡಲೂ ಬಾರದು. ಸುನೀತಾ ನೋಡಲಿಲ್ಲ. ಗಾಡಿಯಲ್ಲಿ ಅಜ್ಜಿಯ ಪಕ್ಕ ಕೂತು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

ಊರು ದಾಟಿದ ಮೇಲೆ ಅಮೋಘಸಿದ್ಧ ಗಡಿಯಾರ ನೋಡಿದ. "ಶೋರೂಮಿನಿಂದ ಫೋನ್ ಬರತೈತ್ರಿ ಸಾವ್ಕಾರ್ರ. ಏನ್ ಹೇಳೂನ್ರಿ?"

"ತಡಿ. ಕೂತಾಕಿ ಹೇಳಲಿ." ಬಸಂತರಾಯ ಕನ್ನಡಿಯಲ್ಲಿ ಮಗಳನ್ನು ಹುಡುಕಿದ. "ಸುನೀ, ಹೆಂಗನಸ್ತೈತಿ ಗಾಡಿ?"

"ಛೊಲೋ ಐತಿ."

"ಕುಲುಕತೈತೇನು?"

"ಇಲ್ಲ."

"ಸ್ವಲ್ಪರೆ?"

"ಇಲ್ಲ ಅಂದ್ನಲ್ಲ ಅಪ್ಪಾ."

ಅಮೋಘಸಿದ್ಧ ಒಂದು ಗುಂಡಿ ಒತ್ತಿದ. ಗಾಡಿ ಬಿಗಿಯಾಯಿತು, ರಸ್ತೆಯ ಕಲ್ಲುಗಳು ಸಣ್ಣಗೆ ಕಾಲಿಗೆ ತಾಗತೊಡಗಿದವು. "ಸಾದಾ ಸ್ಪ್ರಿಂಗ್ ಅಂದ್ರ ಹಿಂಗಿರತೈತಿ ಅಂತ ತಿಳೀರಿ ಅಕ್ಕಾರ. ಈಗ ಫರಕ್ ಗೊತ್ತಾಗತೈತೇನ್ರಿ?"

ಸುನೀತಾ ತನ್ನ ಹೊಟ್ಟೆಯನ್ನೇ ನೋಡುತ್ತ ಕೂತಿದ್ದಳು. ಬಸಂತರಾಯನಿಗೆ ತಲೆ ಚಿಟ್ಟು ಹಿಡಿಯಿತು. ಇಷ್ಟು ದಿನದ ಒದ್ದಾಟ, ಇಷ್ಟು ದುಡ್ಡು, ಎಲ್ಲ ಯಾರಿಗಾಗಿ? ಫರಕಿದೆ ಅನ್ನಲಿ, ಇಲ್ಲ ಅನ್ನಲಿ, ಒಂದು ಮಾತು ಹೇಳಲು ಬಾಯಿಗೇನಾಗಿದೆ?

"ಏನರೆ ಒಂದು ಹೇಳವಾ!" ಎಂದು ಒದರಿದ.

"ಆಯಿ," ಎಂದಳು ಸುನೀತಾ, ಅಪ್ಪನಿಗಲ್ಲ, ಅಜ್ಜಿಗೆ. "ಕೂಸು ಮಿಸುಕವಲ್ದು."

ಅಜ್ಜಿ ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟಳು.

"ಯಾವಾಗಿಂದವಾ?" ಎಂದಳು ಚನ್ನವ್ವ.

"ನಿನ್ನೆ ಸಂಜೀಕ ಮಿಸುಕಿತ್ತು. ಬೆಳಗಿಂದ ನೋಡಾಕತ್ತೇನಿ... ಇಲ್ಲ."

"ಮನ್ಯಾಗ ಹೇಳಬಾರದೇನ, ಹುಚ್ಚಿ?"

"ಎಲ್ಲಾರೂ ಉಡಿ ತುಂಬಾಕತ್ತಿದ್ರು ಆಯಿ."

ಬಸಂತರಾಯನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬಿತ್ತು. ಗಾಡಿ ನಿಂತಿತು. ಅಮೋಘಸಿದ್ಧ ಹಿಂದೆ ತಿರುಗಿ, ನಿಜವಾಗಿಯೂ ಸಮಾಧಾನ ಹೇಳಬೇಕೆಂದು, "ಗಾಡಿ ಭಾಳ ಸ್ಮೂತ್ ಐತ್ರಿ ಅಕ್ಕಾರ. ತೊಟ್ಟಿಲಿದ್ದಂಗ. ಅದಕ್ಕ ಮಲಗಿರಬೇಕ್ರಿ," ಎಂದ.

ಬೆಳಗಿನಿಂದ ಎಂದು ಅವಳು ಹೇಳಿದ್ದು ಎಲ್ಲರಿಗೂ ಕೇಳಿಸಿತ್ತು. ಬೆಳಗ್ಗೆ ಅವಳು ಈ ಗಾಡಿಯಲ್ಲಿ ಇರಲಿಲ್ಲ. ಆದರೂ ಚನ್ನವ್ವ ತಕ್ಷಣ ಆ ಮಾತನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ಹೌದ ಹೌದ, ಮಲಗಿರತೈತಿ. ನಾ ಬಸುರಿದ್ದಾಗ ಬಂಡ್ಯಾಗ ಕುಲುಕಿದ ಕೂಡ್ಲೇ ಒದೀತಿದ್ದುವು. ಬಸಂತಾ, ಒಂದೀಟು ಕುಲುಕಿಸಿ ಹೊಡಿ ಗಾಡಿ."

"ಹೊಳ್ಳಿ ಹೋಗೂನು," ಎಂದ ಬಸಂತರಾಯ. "ಮುದ್ದೇಬಿಹಾಳದಾಗ ದವಾಖಾನಿ ಐತಿ. ಇಲ್ಲೇ ಹತ್ತಿರ."

"ಉಡಿ ತುಂಬಿಸ್ಕೊಂಡಾಕಿ ಹೊಳ್ಳಬಾರದು."

ಬೇರೆ ದಿನವಾಗಿದ್ದರೆ ಅವನು ನಗುತ್ತಿದ್ದ. ಈಗ ಸ್ಟೇರಿಂಗನ್ನು ಅರ್ಧ ತಿರುಗಿಸಿದ. ಆಗ ಸುಂದರವ್ವನ ಬಾಗಿಲು ಕಣ್ಣ ಮುಂದೆ ಬಂತು. ಸುದ್ದಿ ಓಣಿಗೆ ಮುಟ್ಟಲು ಎಷ್ಟು ಹೊತ್ತು? ದವಾಖಾನೆಯಲ್ಲಿ ಅವಳು ಮತ್ತೆ ಮಂಚದ ಕಾಲ ಬಳಿ ನಿಲ್ಲುತ್ತಾಳೆ, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾಳೆ. ಈ ಸಲ ಏನೂ ಅನ್ನದಿದ್ದರೆ? ಅದನ್ನು ಹೇಗೆ ತಡೆದುಕೊಳ್ಳುವುದು? ಅವನು ಸ್ಟೇರಿಂಗನ್ನು ಮೊದಲಿನಂತೆ ಮಾಡಿ ಗಾಡಿಯನ್ನು ಮುಂದೆ, ಬಾಗೇವಾಡಿಯ ಕಡೆಗೆ ಬಿಟ್ಟ. ತಾಯಿಯ ಶಾಸ್ತ್ರಕ್ಕೆ ಬೆಲೆ ಕೊಟ್ಟವನಂತೆ ತುಟಿ ಬಿಗಿ ಹಿಡಿದಿದ್ದ.

ಮೊದಲನೆಯ ತಗ್ಗನ್ನು ಅವನು ಬಲಗಡೆಗೆ ಹೋಗಿ ಹುಡುಕಿದ. ಗಾಲಿ ಇಳಿಯಿತು, ಎದ್ದಿತು.

"ಈಗ?"

"ಇಲ್ಲ."

ಮುಂದೆ ಡಾಂಬರು ಕಿತ್ತುಹೋದ ಜಾಗ. ಎಲ್ಲ ಗಾಡಿಗಳೂ ತಪ್ಪಿಸಿ ಕೆಳಗಿಳಿದು ಹೋಗುತ್ತಿದ್ದ ಕಡೆ ಇವನು ನಡುವೆಯೇ ನುಗ್ಗಿಸಿದ. ಎದುರಿಗೆ ಬಂದ ಕಬ್ಬಿನ ಟ್ರ್ಯಾಕ್ಟರಿನವನು ಬೈದು ಹೋದ. ಗಾಡಿ ಮಾತ್ರ ತೊಟ್ಟಿಲಂತೆ ಆ ಕಡೆ ಈ ಕಡೆ ವಾಲಿ ನೆಟ್ಟಗಾಯಿತು.

"ಈಗ?"

"ಇಲ್ಲ ಅಪ್ಪಾ."

"ಬಿಗಿ ಮಾಡೋ ಇದನ್ನ! ಇನ್ನೂ ಬಿಗಿ ಮಾಡು!"

"ಇಷ್ಟ ಐತ್ರಿ ಸಾವ್ಕಾರ್ರ. ಇದಕ್ಕಿಂತ ಬಿಗಿ ಆಗಂಗಿಲ್ರಿ."

ಆಗ ಅಮೋಘಸಿದ್ಧನ ಫೋನು ಹಾಡತೊಡಗಿತು. ಅವನು ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಬಸಂತರಾಯನ ಮುಖ ನೋಡಿದ. ಫೋನು ಹಾಡಿ ಹಾಡಿ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ಬಾಗೇವಾಡಿ ಹತ್ತಿರ ಬರುತ್ತಿತ್ತು. ಅಲ್ಲಿ ಆಸ್ಪತ್ರೆ ಇತ್ತು. ಅಲ್ಲಿ ಯಾರೋ ಒಬ್ಬರು ಹೊಟ್ಟೆಗೆ ಯಂತ್ರ ಹಚ್ಚಿ ಕಿವಿಗೊಟ್ಟು ಕೇಳುತ್ತಾರೆ, ಆಮೇಲೆ ಹೇಳುತ್ತಾರೆ. ಹೇಳಿದ ಮೇಲೆ ಅದು ಹೇಳಿದಂತೆಯೇ ಇರುತ್ತದೆ. ಊರಿನ ಮೊದಲ ಮನೆಗಳು ಕಂಡವು. ಬಸಂತರಾಯ ಗಾಡಿಯನ್ನು ರಸ್ತೆಯಿಂದ ಕೆಳಗಿಳಿಸಿ, ಜೋಳದ ಹೊಲದ ಬದುವಿನ ಬಳಿ ನಿಲ್ಲಿಸಿದ. ಎಂಜಿನ್ ಆರಿಸಲಿಲ್ಲ.

"ಯಾಕ ನಿಂತಿ?" ಎಂದಳು ಚನ್ನವ್ವ.

ಅವನು ಇಳಿದ. ಗಾಡಿಯ ಮುಂದೆ ಹೋಗಿ ಬಾನೆಟ್ಟಿನ ಮೇಲೆ ಎರಡೂ ಕೈ ಊರಿ, ಮೈಭಾರವೆಲ್ಲ ಹಾಕಿ ಒತ್ತಿದ. ಗಾಜಿನ ಆಚೆ ಅಮೋಘಸಿದ್ಧ ಬಾಯಿ ತೆರೆದು ಕೂತಿದ್ದ. ಬಸಂತರಾಯ ಪಕ್ಕಕ್ಕೆ ಬಂದು, ಮಗಳ ಕಿಟಕಿಯ ಬಳಿ, ಸಿಕ್ಕಿಕೊಂಡ ಬಂಡಿಗೆ ಹೆಗಲು ಕೊಡುವವರಂತೆ ಹೆಗಲು ಕೊಟ್ಟು ನೂಕಿದ. ಮತ್ತೆ ನೂಕಿದ. ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿತು. ಇಪ್ಪತ್ತೈದು ವರ್ಷ ಮೈಯೊಳಗೆ ಓಡುತ್ತಿದ್ದ ಮಿಲ್ಲು ಎಲ್ಲಿ ಹೋಯಿತೋ, ಈ ಹೊತ್ತಿಗೆ ಅದರಲ್ಲೊಂದು ನಡುಕವೂ ಇರಲಿಲ್ಲ.

"ಈಗ?" ಎಂದು ಕೂಗಿದ. "ಸುನೀ, ಈಗ?"

ಕರಿಯ ಗಾಜಿನಲ್ಲಿ ಅವನದೇ ಮುಖ ಕಂಡಿತು. ಅದರ ಹಿಂದೆ ಮಗಳು ಏನೋ ಹೇಳುತ್ತಿದ್ದಳು. ತುಟಿ ಅಲುಗುವುದು ಮಬ್ಬಾಗಿ ಕಂಡಿತು, ಮಾತು ಕೇಳಲಿಲ್ಲ. ಹೋಗೋಣ ಅಪ್ಪಾ ಎನ್ನುತ್ತಿದ್ದಳೇನೋ. ಬೇರೆ ಏನಾದರೂ ಇರಬಹುದಾಗಿತ್ತು. ಬಸಂತರಾಯ ಕಾಲನ್ನು ಕರಿ ಮಣ್ಣಿನಲ್ಲಿ ಊರಿ ಮತ್ತೊಮ್ಮೆ ಹೆಗಲು ಕೊಟ್ಟ. ಗಾಡಿ ಅವನ ಭಾರಕ್ಕೆ ಸ್ವಲ್ಪ ತಗ್ಗಿತು. ಆಮೇಲೆ ಉಸ್ಸೆಂದು ಉಸಿರು ಬಿಟ್ಟು, ಅವನನ್ನು ಮೆಲ್ಲಗೆ ಆಚೆ ಸರಿಸಿ, ಸಮನಾಗಿ ನಿಂತಿತು.